ಪರದೆಯ ಹಿಂದಿನ ಅತ್ತಿ

ಎಡಿನ್‌ಬರೋ, ಸ್ಕಾಟ್ಲೆಂಡ್
4 ಆಗಸ್ಟ್ 2024

ಲಾಲಪ್ಪ ಅಣ್ಣನವರಿಗೆ ಶಿವರಂಜನಿಯ ಶರಣು.

ಇಲ್ಲಿಗೆ ಬಂದಾಗಿನಿಂದ ನಿಮಗೆ ಎಷ್ಟೋ ಸಲ ಫೋನ್ ಮಾಡಿದೆ. ಒಮ್ಮೆ ಮಾತ್ರ ಭೀಮವ್ವ ವೈನಿ ಎತ್ತಿ, "ಮಲಗ್ಯಾರವ್ವಾ" ಅಂದರು. ಆಗ ನಿಮ್ಮಲ್ಲಿ ಬೆಳಗಿನ ಹತ್ತೂವರೆ. ನೀವು ಸುರಪುರ ಬಸ್‌ಸ್ಟ್ಯಾಂಡಿನ ಮೈಕಿನ ಮುಂದೆ ಕುಳಿತು, "ಶಹಾಪುರ, ಯಾದಗಿರಿ ಹೋಗೋರು ಲಗೂನ ಹತ್ರಿ" ಎಂದು ಊರಿಗೇ ಕೇಳುವಂತೆ ಕೂಗುವ ಹೊತ್ತು. ಕಂಟ್ರೋಲರ್ ಸಾಹೇಬರು ಯಾವಾಗಿನಿಂದ ಹಗಲು ಮಲಗಲು ಕಲಿತರು? ಸಂಜೆ ನಿಮ್ಮ ಮೆಸೇಜ್ ಬಂತು: ‘ಫೋನ್ ಬೇಡ. ಪತ್ರ ಬರೆ. ಫೋನಿನಲ್ಲಿ ನೀನು ನಟಿಸುತ್ತೀ.’ ಸರಿ, ಬರೆಯುತ್ತಿದ್ದೇನೆ.

ಈ ತಿಂಗಳು ಈ ಊರಿನಲ್ಲಿ ಹೋಟೆಲಿನ ಮಾಳಿಗೆ, ಚರ್ಚಿನ ಹಿಂದಿನ ಕೋಣೆ, ಶಾಲೆಯ ಜಿಮ್ ಎಲ್ಲವೂ ನಾಟಕದ ಜಾಗ. ಇದನ್ನು ಫ್ರಿಂಜ್ ಹಬ್ಬ ಎನ್ನುತ್ತಾರೆ. ಇಲ್ಲಿ ಆಡುವುದಕ್ಕೆ ಯಾರೂ ಕರೆಯಬೇಕಾಗಿಲ್ಲ. ನೋಡುವುದಕ್ಕೆ ಯಾರೂ ಬರಬೇಕೆಂದೂ ಇಲ್ಲ. ಬೆಳಿಗ್ಗೆ ನಾವೇ ಬೀದಿಯಲ್ಲಿ ನಿಂತು ಕರಪತ್ರ ಹಂಚಬೇಕು. ನನ್ನ ಬಲಕ್ಕೆ ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡವನೊಬ್ಬ, ಎಡಕ್ಕೆ ಶವಪೆಟ್ಟಿಗೆಯೊಳಗೆ ಕುಳಿತು ಹಾಡುವ ಇಬ್ಬರು ಹೆಂಗಸರು. ನಡುವೆ ಇಳಕಲ್ ಸೀರೆಯ ನಾನು. ಯಾದಗಿರಿಯ ನನ್ನ ಹಳೆಯ ಶಾಲೆಯ ಮಕ್ಕಳು ನೋಡಿದ್ದರೆ, "ಮಿಸ್, ನೀವೇನು ಮಾರಾಕತ್ತೀರಿ?" ಅನ್ನುತ್ತಿದ್ದರು.

ನನಗೆ ಸಿಕ್ಕಿರುವುದು ಬಾರೊಂದರ ಮೇಲಿನ ಕೋಣೆ, ನಲವತ್ತು ಕುರ್ಚಿ. ಧ್ವನಿ, ಬೆಳಕು ನೋಡಿಕೊಳ್ಳುವವಳು ಮೊರಾಗ್ ಎಂಬ ಅರವತ್ತರ ಹೆಂಗಸು. ನಮ್ಮ ಆಟವನ್ನು ಅವಳಿಗೆ ಹೀಗೆ ವಿವರಿಸಿದೆ: ಹೊರಗೆ ಸೊಸೆ, ಪರದೆಯ ಹಿಂದೆ ಅತ್ತಿ. ಅತ್ತಿ ಎಂದೂ ಹೊರಗೆ ಬರುವುದಿಲ್ಲ, ಮಾತು ಮಾತ್ರ ಬರುತ್ತದೆ. ಆ ಅತ್ತಿ ಗಂಡಸು, ಬಸ್ ಕಂಟ್ರೋಲರ್, ದಪ್ಪ ಮೀಸೆ ಬೇರೆ. ನಮ್ಮ ಕಡೆ ಜನ ಕುಳಿತಲ್ಲಿಂದಲೇ ಅತ್ತಿಯನ್ನು ಮಾತಾಡಿಸುತ್ತಾರೆ, ಅವಳು ಅವರನ್ನೂ ಸೇರಿಸಿ ಬೈಯುತ್ತಾಳೆ. ಮೊರಾಗ್ ಕೇಳಿದಳು: "ಅವರು ಯಾಕೆ ಬರಲಿಲ್ಲ?" ರಜೆ ಸಿಗಲಿಲ್ಲ, ಧ್ವನಿ ಮುದ್ರಿಸಿ ಕಳಿಸಿದ್ದಾರೆ ಎಂದೆ.

ಮೊದಲ ದಿನವೇ ಕೋಣೆ ತುಂಬಿತು. "ನಾ ಇನ್ನೂ ಸತ್ತಿಲ್ಲ, ಒಳಗೇ ಅದೀನಿ!" ಎಂದು ನೀವು ಗುಡುಗಿದಾಗ ಒಬ್ಬ ಮುದುಕ ಕುರ್ಚಿಯಿಂದ ಬೀಳುವುದೊಂದು ಬಾಕಿ. "ದೀಪಾ ಹಚ್ಚಿದಿ ಏನವ್ವಾ?" ಎನ್ನುವಲ್ಲಂತೂ ಎಲ್ಲಕ್ಕಿಂತ ದೊಡ್ಡ ನಗು.

ಒಂದು ಉಪಕಾರ ಮಾಡಿ. ಸೊಸೆ ಇಲ್ಲಿ ಇಂಗ್ಲಿಷಿನಲ್ಲಿ ಆಡುತ್ತಾಳೆ, ಅತ್ತಿಯ ಬಾಯಲ್ಲೂ ನಾಲ್ಕು ಇಂಗ್ಲಿಷ್ ಮಾತು ಇದ್ದರೆ ಇಲ್ಲಿ ಇನ್ನೂ ಚೆನ್ನಾಗಿ ಹತ್ತುತ್ತದೆ. ಬಾಷುಮಿಯಾನ ಮೈಕ್ ಸೆಟ್ಟಿನ ಅಂಗಡಿಯಲ್ಲಿ ಕುಳಿತು ಮುದ್ರಿಸಿ ಕಳಿಸಿ. ಮಾತುಗಳನ್ನು ಕೆಳಗೆ ಬರೆದಿದ್ದೇನೆ.

ನಿಮ್ಮ ತಂಗಿ,
ಶಿವರಂಜನಿ

*

ಸುರಪುರ
8 ಆಗಸ್ಟ್ 2024

ತಂಗಿ ಶಿವರಂಜನಿಗೆ ಲಾಲಪ್ಪನ ಆಶೀರ್ವಾದ.

ನೀನು ಟೈಪ್ ಮಾಡುತ್ತೀ. ನನಗೆ ಕಾಗದ, ಪೆನ್ನೇ ಬೇಕು. ಬರೆದು ಫೋಟೋ ಹೊಡೆದು ಕಳಿಸುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಇಂಗ್ಲಿಷ್ ಟೀಚರು ಕೆಂಪು ಗೀಟು ಹಾಕಬಾರದು.

ಕೋಣೆ ತುಂಬಿದ ಸುದ್ದಿಯನ್ನು ಭೀಮವ್ವನ ಕೈಗೆ ಕೊಟ್ಟೆ. ಅವಳೇ ಕೂಡಿಸಿ ಕೂಡಿಸಿ ಓದಿಕೊಂಡಳು. "ಅಲ್ರೀ, ಆ ಮಂದಿಗಿ ನಿಮ್ಮ ಮಾತು ತಿಳಿತಾವೇನು? ಇಷ್ಟು ವರ್ಷ ಬಾಳೇ ಮಾಡಿ ನನಗೇ ತಿಳಿವಲ್ವು" ಅಂದಳು.

ಇಂಗ್ಲಿಷ್ ಮಾತು ಸದ್ಯಕ್ಕೆ ಆಗುವುದಿಲ್ಲ. ಬಾಷುಮಿಯಾ ಶ್ರಾವಣದ ಪುರಾಣಕ್ಕೆ ಮೈಕ್ ಸೆಟ್ಟನ್ನು ಮಠಕ್ಕೆ ಕೊಟ್ಟಾನೆ, ತಿಂಗಳು ಮುಗಿಯುವತನಕ ತಿರುಗಿ ಬಾರದು. ಮೇಲಾಗಿ ಅತ್ತಿಗೆ ಇಂಗ್ಲಿಷ್ ಕಲಿಸಬೇಡ ತಂಗಿ. ಆ ಮನೆಯಲ್ಲಿ ಸೊಸೆಗೆ ಅಂತ ಉಳಿದಿರುವುದು ಅದೊಂದೇ.

ನಾನು ಒಂದು ಕೇಳುತ್ತೇನೆ. ನನ್ನ ಮಾತಿಗೆ ಅವರು ಎಲ್ಲೆಲ್ಲಿ ನಕ್ಕರು, ಹೇಗೆ ನಕ್ಕರು, ಬಿಡಿಸಿ ಬರೆ. ಗಂಡಸರು ಮೊದಲು ನಕ್ಕರೋ ಹೆಂಗಸರೋ? ನಗು ಹಿಂದಿನ ಸಾಲಿಂದ ಬಂತೋ ಮುಂದಿನಿಂದಲೋ? ದಿನಾ ಒಂದಿಷ್ಟು ಬರೆದರೂ ಆದೀತು. ಇಲ್ಲಿ ನನಗೆ ಓದಲಿಕ್ಕೆ ಬೇಕಾದಷ್ಟು ಹೊತ್ತಿದೆ.

ನಿನ್ನ ಅಣ್ಣ,
ಲಾಲಪ್ಪ

*

ಎಡಿನ್‌ಬರೋ
13 ಆಗಸ್ಟ್ 2024

ಅಣ್ಣನವರಿಗೆ,

ಈ ಪತ್ರವನ್ನು ನಾಳೆ ಬರೆದರೆ ಬೇರೆ ರೀತಿ ಬರೆಯುತ್ತೇನೇನೋ. ಆದರೆ ಇವತ್ತೇ ಬರೆಯುತ್ತೇನೆ.

ನಿನ್ನೆ ನಿಮ್ಮ ಡಿಪೋದ ಕ್ಲಾರ್ಕ್ ಶ್ರೀಮಂತ ಮೆಸೇಜ್ ಮಾಡಿದ್ದ. "ಅಕ್ಕಾರ, ಸಾಹೇಬ್ರು ಹ್ಯಾಂಗದಾರ? ವಿದೇಶದ ಹವಾ ಹಿಡಿಸ್ಯಾದೇನ್ರಿ?" ನನಗೆ ತಿಳಿಯಲಿಲ್ಲ, ಕೇಳಿದೆ. ನೀವು ಜುಲೈ ಕೊನೆಯಿಂದ ಎರಡು ತಿಂಗಳ ರಜೆ ಹಾಕಿದ್ದೀರಿ, ರಜೆ ಮಂಜೂರಾಗಿದೆ, ನೀವು ನನ್ನ ಜೊತೆಗಿದ್ದೀರಿ ಎಂದೇ ಅವನು ತಿಳಿದಿದ್ದಾನೆ.

ಹಾಗಾದರೆ ರಜೆ ಸಿಕ್ಕಿತ್ತು. ಬರಲು ಮನಸ್ಸಿರಲಿಲ್ಲ, ಅಷ್ಟೇ. ಅದನ್ನು ನೇರವಾಗಿ ಹೇಳಿದ್ದರೆ ನಾನು ಕೇಳುತ್ತಿರಲಿಲ್ಲವೇ? ಒಬ್ಬಳನ್ನೇ ವಿಮಾನ ಹತ್ತಿಸಿ, ಮನೆಯಲ್ಲಿ ಕುಳಿತು ‘ಎಲ್ಲೆಲ್ಲಿ ನಕ್ಕರು, ಬಿಡಿಸಿ ಬರೆ’ ಎನ್ನುತ್ತೀರಿ. ಬಿಡಿಸಿಯೇ ಬರೆಯುತ್ತೇನೆ.

ಕೋಣೆ ಒಂದು ದಿನವೂ ತುಂಬಿಲ್ಲ. ಮೊದಲ ದಿನ ಐದು ಜನ ಇದ್ದರು, ಇಬ್ಬರು ನಡುವೆಯೇ ಎದ್ದು ಹೋದರು. ಕುರ್ಚಿಯಿಂದ ಬೀಳುವ ಮುದುಕ ಯಾರೂ ಇಲ್ಲ. ಇವತ್ತು ಇದ್ದವರು ಇಬ್ಬರು. ಅವರಲ್ಲಿ ಒಬ್ಬಾಕೆ ಮಳೆ ನಿಲ್ಲುವವರೆಗೆ ಕುಳಿತುಕೊಳ್ಳಲು ಬಂದವಳು, ಹಾಗೆಂದು ಅವಳೇ ಹೇಳಿದಳು. ನಿಮ್ಮ ಒಂದೊಂದು ಮಾತಿನ ನಂತರವೂ ನೀವು ಜನ ನಗಲಿ ಎಂದು ಜಾಗ ಬಿಟ್ಟಿದ್ದೀರಲ್ಲ, ಯಾದಗಿರಿಯ ಜನ ನಗುವಷ್ಟು ಜಾಗ. ಆ ಜಾಗದಲ್ಲಿ ಇಲ್ಲಿ ಪಕ್ಕದ ಕೋಣೆಯ ಜಾದೂಗಾರನಿಗೆ ಬಿದ್ದ ಚಪ್ಪಾಳೆ ಗೋಡೆ ದಾಟಿ ಕೇಳಿಸುತ್ತಿತ್ತು. ನಾನು ಹಸಿರು ಸೀರೆಯ ಪರದೆಯ ಕಡೆ ಮುಖ ಮಾಡಿ, ನಗುತ್ತಾ ನಿಂತಿರುತ್ತಿದ್ದೆ.

ನಿನ್ನೆಯಿಂದ ನಿಮ್ಮ ಧ್ವನಿ ತೆಗೆದುಬಿಟ್ಟಿದ್ದೇನೆ. ಪರದೆಯನ್ನೂ ಕಟ್ಟುತ್ತಿಲ್ಲ.

ಶಿವರಂಜನಿ

*

ಸುರಪುರ
21 ಆಗಸ್ಟ್ 2024

ತಂಗಿ ಶಿವರಂಜನಿಗೆ,

ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಕೋಣೆ ತುಂಬಿಲ್ಲವೆಂದು ನಿನ್ನ ಮೊದಲ ಪತ್ರಕ್ಕೇ ನನಗೆ ತಿಳಿದಿತ್ತು. ‘ದೀಪಾ ಹಚ್ಚಿದಿ ಏನವ್ವಾ’ ಎನ್ನುವಲ್ಲಿ ದೊಡ್ಡ ನಗು ಬಂತೆಂದು ಬರೆದಿದ್ದಿ. ಅಲ್ಲಿ ಎಂದೂ ಯಾರೂ ನಕ್ಕಿಲ್ಲ. ಅಲ್ಲಿ ಹೆಂಗಸರು ಸೆರಗು ಸರಿ ಮಾಡಿಕೊಳ್ಳುತ್ತಾರೆ, ಮಕ್ಕಳನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಾರೆ. ನನಗೆ ಪರದೆಯ ಹಿಂದೆ ಬಳೆಯ ಸಪ್ಪಳ ಕೇಳಿಸುತ್ತಿತ್ತು. ತಿಳಿದೂ ‘ಎಲ್ಲೆಲ್ಲಿ ನಕ್ಕರು ಬರೆ’ ಅಂದೆ. ಯಾಕೋ ಓದಬೇಕೆನಿಸಿತ್ತು.

ರಜೆ ಹಾಕಿದ್ದು ಖರೆ. ಮನೆಯ ಕೆಲಸವಿತ್ತು. ನಿನಗೆ ಬೇರೆ ಹೇಳಿದ್ದು ತಪ್ಪು.

ಧ್ವನಿ ತೆಗೆದದ್ದು ಒಳ್ಳೆಯದೇ ಆಯಿತು. ಈಗ ಒಂದು ಮಾಡು. ಪರದೆ ಇದ್ದ ಕಡೆ ನೋಡಬೇಡ. ನೀನು ಯಾವಾಗಲೂ ಮಾತು ಮುಗಿಸಿ ಆ ಕಡೆ ತಿರುಗುತ್ತೀ, ನಾನು ಉತ್ತರ ಕೊಡಲಿ ಅಂತ. ಈಗ ಜನರ ಕಡೆ ತಿರುಗು. ಇಬ್ಬರಿದ್ದರೆ ಇಬ್ಬರ ಕಡೆ. ಮಳೆಗೆ ಬಂದವಳಿಗೆ ನಮ್ಮ ಮೇ ತಿಂಗಳ ಬಿಸಿಲಿನ ಸುದ್ದಿ ಹೇಳು.

ಲಾಲಪ್ಪ

*

ಎಡಿನ್‌ಬರೋ
26 ಆಗಸ್ಟ್ 2024

ಅಣ್ಣನವರಿಗೆ,

ನಿನ್ನೆ ಕೊನೆಯ ಆಟ. ಹತ್ತೊಂಬತ್ತು ಜನ ಬಂದಿದ್ದರು. ನೀವು ಹೇಳಿದಂತೆ ಅವರ ಕಡೆಗೇ ತಿರುಗಿ ನಿಂತೆ. ಮನೆಗೆ ಯಾರಾದರೂ ಬಂದರೆ ಮೊದಲು ಫ್ಯಾನ್ ಹಾಕುವ ಊರಿನವಳು, ಮೊದಲು ಹೀಟರ್ ಹಾಕುವ ಊರಿಗೆ ಬಂದು ಬೆವರಿದ ಕಥೆ ಹೇಳಿದೆ. ನಕ್ಕರು. ಒಮ್ಮೆ ನಕ್ಕವರು ಮತ್ತೆ ನಿಲ್ಲಲಿಲ್ಲ. ಮುಗಿದ ಮೇಲೆ ಮೊರಾಗ್ ಅಪ್ಪಿಕೊಂಡು, "ಈಕೆ ಇಷ್ಟು ದಿನ ಎಲ್ಲಿದ್ದಳು?" ಎಂದಳು.

ಅದನ್ನೇ ಯೋಚಿಸುತ್ತಿದ್ದೇನೆ. ಹದಿನಾಲ್ಕು ವರ್ಷ ನಾನು ನಿಮ್ಮ ಧ್ವನಿಗೆ ಒರಗಿಕೊಂಡೇ ನಿಂತಿದ್ದೆನೇ? ಹಾಗೆ ಕೇಳಿಕೊಳ್ಳುವುದು ಕೃತಘ್ನತೆಯೋ, ತಿಳಿಯದು. ಆದರೆ ಇನ್ನು ಮುಂದೆ ಒಬ್ಬಳೇ ಮಾಡಬೇಕೆಂದಿದ್ದೇನೆ. ಶಹಾಪುರದ ನವೆಂಬರ್ ಕಾರ್ಯಕ್ರಮಕ್ಕೂ ಅತ್ತಿ ಇರುವುದಿಲ್ಲವೆಂದು ಅಲ್ಲಿಯ ಕನ್ನಡ ಸಂಘದವರಿಗೆ ತಿಳಿಸುತ್ತೇನೆ. ನಿಮಗೂ ಬಿಡುಗಡೆಯಾಗಲಿ. ಬರಲು ಮನಸ್ಸಿಲ್ಲದವರನ್ನು ಎಳೆಯಬಾರದು.

ಶಿವರಂಜನಿ

*

ಸುರಪುರ
30 ಆಗಸ್ಟ್ 2024

ತಂಗಿ ಶಿವರಂಜನಿಗೆ,

ಓದಿ ಭಾಳ ಸಂತೋಷವಾಯಿತು. ಹತ್ತೊಂಬತ್ತು ಜನ ಸಣ್ಣ ಮಾತಲ್ಲ. ಭೀಮವ್ವ ನಿನ್ನ ಹೆಸರಿನಲ್ಲಿ ಹೋಳಿಗೆ ಮಾಡ್ಯಾಳೆ. ಶಹಾಪುರದವರಿಗೆ ನಾನೂ ಹೇಳಿಕಳಿಸುತ್ತೇನೆ.

ಊರಿಗೆ ಬಂದ ಮೇಲೆ ದಣಿವಾರಿಸಿಕೋ. ಸುರಪುರಕ್ಕೆ ಬರುವ ಅವಸರ ಮಾಡಬೇಡ.

ಲಾಲಪ್ಪ

*

ಯಾದಗಿರಿ
10 ಸೆಪ್ಟೆಂಬರ್ 2024

ಲಾಲಪ್ಪ ಅಣ್ಣನವರಿಗೆ,

ನಿನ್ನೆ ನಿಮ್ಮ ಮನೆಯಲ್ಲಿ ಎರಡು ತಾಸು ಕುಳಿತಿದ್ದೆ. ಆಗ ಹೇಳಲಾಗದ್ದನ್ನು ಈಗ ಬರೆಯಬೇಕು.

ಸುರಪುರದಲ್ಲಿ ಬಸ್ ಇಳಿದಾಗ ಮೈಕಿನಲ್ಲಿ ಯಾವುದೋ ಹೆಣ್ಣುಮಗಳ ಮುದ್ರಿತ ಧ್ವನಿ ಬರುತ್ತಿತ್ತು, ‘ಪ್ರಯಾಣಿಕರ ಗಮನಕ್ಕೆ.’ ನಿಮ್ಮ ರಜೆ ಇನ್ನೂ ಮುಗಿದಿಲ್ಲವಲ್ಲ ಎಂದುಕೊಂಡು ಶ್ರೀಮಂತನ ಹತ್ತಿರ ಹೋದೆ. ಜಗಳವಾಡಲೆಂದೇ ಬಂದವಳು ನಾನು. ಅವನು ನನ್ನ ಮುಖ ನೋಡಲಿಲ್ಲ. "ಅಕ್ಕಾರ, ನನಗೂ ಮೊನ್ನೇನೆ ಗೊತ್ತಾಗ್ಯಾದ್ರಿ. ಸಾಹೇಬ್ರು ಯಾರಿಗೂ ಹೇಳಿದ್ದಿಲ್ಲ. ನೀವ ಮನಿಗಿ ಹೋಗಿ ನೋಡ್ರಿ" ಅಂದ.

ಬಾಗಿಲು ತೆಗೆದವರು ನೀವೇ. ಕುತ್ತಿಗೆಯ ಸುತ್ತ ಬಿಳಿ ಬಟ್ಟೆ, ಅದರ ಹಿಂದೆ ಉಸಿರು ಬಂದು ಹೋಗುವ ತೂತು. ನೀವು ನಗುಮುಖದಿಂದ ಕೈ ಮಾಡಿ ಒಳಗೆ ಕರೆದಿರಿ. ವೈನಿ ಹೇಳುತ್ತಿದ್ದರು: "ಗಂಟಲದಾಗ ಗಂಟು ಅಂದ್ರವ್ವಾ. ಧ್ವನಿಪೆಟಗಿನೇ ತೆಗಿಬೇಕು, ಇಲ್ಲಂದ್ರ ಮನಿಷ್ಯಾ ಉಳಿಯಂಗಿಲ್ಲ ಅಂದ್ರು. ನೀ ವಿಮಾನ ಹತ್ತಿದ ದಿನಾನೇ ಹೈದರಾಬಾದಿನಾಗ ಇವರಿಗಿ ಆಪರೇಷನ್. ಮೊದಲ ಹೇಳಿದ್ರ ಆಕಿ ಹೋಗಂಗಿಲ್ಲ, ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸಿಕೊಂಡಾರ."

ನಿಮ್ಮ ಮೊದಲ ಪತ್ರಗಳ ಮೇಲೆ ‘ಸುರಪುರ’ ಎಂದಿದೆ. ಅವನ್ನು ಆಸ್ಪತ್ರೆಯ ಮಂಚದ ಮೇಲೆ ಕುಳಿತು ಬರೆದದ್ದು. ಫೋನಿನಲ್ಲಿ ನಾನು ನಟಿಸುತ್ತೇನೆ ಎಂದಿರಿ. ನಾನು ಅದನ್ನು ಮುನಿಸೆಂದು ಓದಿದೆ. ರಜೆಯನ್ನು ಹೇಡಿತನವೆಂದು ಓದಿದೆ. ‘ಧ್ವನಿ ತೆಗೆದುಬಿಟ್ಟಿದ್ದೇನೆ’ ಎಂದು ನಿಮಗೆ ಬರೆದೆ. ನಿಮಗೆ, ಆ ವಾರ. ಮೂವತ್ತು ವರ್ಷ ಓದುವುದನ್ನೇ ಕಲಿತು, ಕಲಿಸಿದವಳು ಹೀಗೆ ಓದಿದೆ.

ನಿನ್ನೆಯಾದರೂ ಏನು ಮಾಡಿದೆ? ಕ್ಷಮೆ ಕೇಳಲಿಲ್ಲ. ಮಾಲಗತ್ತಿ ಹತ್ತಿರ ರಸ್ತೆ ಕೆಟ್ಟಿದೆ ಎಂದೆ. ಈ ವರ್ಷ ಹೆಸರಿನ ಬೆಳೆ ಚೆನ್ನಾಗಿ ಬಂದಿದೆಯಂತೆ ಎಂದೆ. ಎರಡು ಸಲ ಚಹಾ ಕುಡಿದೆ.

ನಾನು ಪರದೆ ತೆಗೆದದ್ದು ನಿಜ, ಆದರೆ ಆ ಮುದ್ರಣವನ್ನು ಅಳಿಸಿರಲಿಲ್ಲ. ನಿಮ್ಮ ಧ್ವನಿ ನನ್ನ ಹತ್ತಿರ ಇದೆ. ಅದನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಶಿವರಂಜನಿ

*

ಸುರಪುರ
18 ಸೆಪ್ಟೆಂಬರ್ 2024

ತಂಗಿ ಶಿವರಂಜನಿಗೆ,

ಅಳುವವರ ಮನೆಗೆ ಬಂದವರು ಹೆಸರಿನ ಬೆಳೆ ಮಾತಾಡುವುದೇ ಸರಿ. ನೀನು ಕ್ಷಮೆ ಕೇಳಿದ್ದರೆ ನಾನು ಅದಕ್ಕೆ ಉತ್ತರ ಬರೆಯಬೇಕಾಗುತ್ತಿತ್ತು, ಆಗ ನಾನು ಮಾತಿನ ಬದಲು ಬರೆದು ತೋರಿಸುವ ಪಾಟಿಯ ಮೇಲೆ ಜಾಗ ಇರಲಿಲ್ಲ.

ಮುದ್ರಣದ ದಿನದ ಸುದ್ದಿ ನಿನಗೆ ಹೇಳಿಲ್ಲ. ಡಾಕ್ಟರು ಹೇಳಿದ ವಾರವೇ ಅದು. ಬಾಷುಮಿಯಾನ ಅಂಗಡಿಯಲ್ಲಿ ಹೊರಗಿನ ಸಪ್ಪಳ ಬಾರದಂತೆ ಗಾದಿ ಒಟ್ಟಿ, ಬಾಗಿಲು ಮುಚ್ಚಿ ಕುಳಿತೆವು. ನಾನು ಎಂದಿನಂತೆ ತಲೆಯ ಮೇಲೆ ಭೀಮವ್ವನ ಸೀರೆಯ ಸೆರಗು ಹೊದ್ದುಕೊಂಡೆ. ಯಾರೂ ನೋಡುವುದಿಲ್ಲ, ಆದರೂ ಸೆರಗಿಲ್ಲದಿದ್ದರೆ ನನಗೆ ಅತ್ತಿಯ ಧ್ವನಿ ಏಳುವುದಿಲ್ಲ. ಒಂದು ಮಾತು ಆಡಿ ಸುಮ್ಮನಾಗುತ್ತಿದ್ದೆ. ಬಾಷುಮಿಯಾ ಸನ್ನೆ ಮಾಡಿದ. ಆಮೇಲೆ ತಾಳಲಾರದೆ, "ಯಾಕ ಸುಮ್ಮ ಕುಂತೀರಿ ಮಾಮು, ಮುಂದಿಂದು ಹೇಳ್ರಿ" ಅಂದ. "ತಡಿಯೋ, ಮಂದಿ ಇನ್ನಾ ನಗಾಕತ್ತಾರ" ಅಂದೆ. ಅವನು ಖಾಲಿ ಅಂಗಡಿ ಸುತ್ತಲೂ ನೋಡಿದ.

ಈಗ ಕಲಬುರಗಿಗೆ ಹೋಗಿ ಬಂದು ಕರೆಂಟು, ಅಂದರೆ ರೇಡಿಯೇಷನ್, ಹಿಡಿಸಿಕೊಳ್ಳುತ್ತಿದ್ದೇನೆ. ಅದು ಮುಗಿದರೆ ಮನುಷ್ಯ ಗಟ್ಟಿ ಅನ್ನುತ್ತಾರೆ. ಎಲೆ ತಂಬಾಕು ಬಿಟ್ಟೆ. ಭೀಮವ್ವ ಹೇಳುತ್ತಾಳೆ, "ಈಗ ಬೈದ್ರ ತಿರುಗಿ ಮಾತಾಡೋರಿಲ್ಲ, ನನಗ ಬೈಯಾಕ ಮನಸ್ಸೇ ಬರವಲ್ದು."

ನೀನು ಅದನ್ನು ಕೇಳು. ಧೈರ್ಯ ಬಂದಾಗ.

ಲಾಲಪ್ಪ

*

ಯಾದಗಿರಿ
20 ಅಕ್ಟೋಬರ್ 2024

ಅಣ್ಣನವರಿಗೆ,

ಕೇಳಿದೆ. ಹಲವು ಸಲ ಕೇಳಿದೆ. ಕೇಳುತ್ತಾ ಒಂದು ವಿಚಾರ ಹೊಳೆಯಿತು. ಬೇಡವೆನಿಸಿದರೆ ಒಂದೇ ಸಾಲು ಬರೆಯಿರಿ, ಮತ್ತೆ ಎತ್ತುವುದಿಲ್ಲ.

ಎಡಿನ್‌ಬರೋದಲ್ಲಿ ಸೋತದ್ದು ನಿಮ್ಮ ಧ್ವನಿಯಲ್ಲ. ಮುದ್ರಣಕ್ಕೆ ಕಾಯಲು ಬರುವುದಿಲ್ಲ. ಜನ ನಕ್ಕರೂ ನಗದಿದ್ದರೂ ಅದು ತನ್ನಷ್ಟಕ್ಕೆ ಮುಂದೆ ಹೋಗುತ್ತದೆ. ನಗು ಏರುವವರೆಗೆ ಬಿಟ್ಟು, ಇಳಿಯುವಾಗ ಹಿಡಿದು ಮಾತಾಡುವುದು ನಿಮಗೆ ಗೊತ್ತು. ಅದನ್ನು ಯಾವ ಡಾಕ್ಟರೂ ತೆಗೆದಿಲ್ಲ. ಬಾಷುಮಿಯಾನ ಹತ್ತಿರ ಮಾತಾಡಿದೆ. ಅವನು ನಿಮ್ಮ ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ಕತ್ತರಿಸಿ ಗುಂಡಿಗಳಿಗೆ ಕೂಡಿಸಿ ಕೊಡುತ್ತಾನೆ. ಮದುವೆಯಲ್ಲಿ ಡಿಜೆಯವರು ಇಟ್ಟುಕೊಳ್ಳುವ ಪೆಟ್ಟಿಗೆಯಂತೆ. ನೀವು ಪರದೆಯ ಹಿಂದೆ ಕುಳಿತು, ನಗು ಕೇಳಿ, ಒತ್ತಬೇಕು.

ಶಹಾಪುರದ ರಾಜ್ಯೋತ್ಸವದ ಕಾರ್ಯಕ್ರಮ ನವೆಂಬರ್ 24ಕ್ಕೆ. ಅತ್ತಿ ಬರುತ್ತಾಳೆಂದು ಸಂಘದ ವಿಶ್ವರಾಧ್ಯ ಅವರಿಗೆ ಹೇಳಲೇ?

ಇದನ್ನು ನಿಮಗಾಗಿ ಕೇಳುತ್ತಿದ್ದೇನೋ, ಆಗಸ್ಟಿನ ಆ ಪತ್ರವನ್ನು ಅಳಿಸಿಹಾಕಲೋ, ನನಗೆ ನಾನೇ ಖಚಿತವಾಗಿ ಹೇಳಲಾರೆ. ನೀವು ನೋಡಿ ಹೇಳಿ.

ಶಿವರಂಜನಿ

*

ಸುರಪುರ
29 ಅಕ್ಟೋಬರ್ 2024

ತಂಗಿ ಶಿವರಂಜನಿಗೆ,

ಯಾರಿಗಾಗಿ ಅಂತ ತೂಗುತ್ತಾ ಕುಳಿತರೆ ನವೆಂಬರ್ ದಾಟುತ್ತದೆ. ಬರುತ್ತೇನೆ.

ಬಾಷುಮಿಯಾ ಪೆಟ್ಟಿಗೆ ತಂದುಕೊಟ್ಟಾನೆ. ಮೊನ್ನೆ ಭೀಮವ್ವ ಒಲೆಯ ಮುಂದಿನಿಂದ, "ರೊಟ್ಟಿ ಈಗ ಬಡಿಲೇನ್ರಿ?" ಅಂದಳು. ನಾನು ಪಡಸಾಲೆಯಲ್ಲಿ ಕುಳಿತು ಗುಂಡಿ ಒತ್ತಿದೆ: "ನಾ ಇನ್ನೂ ಸತ್ತಿಲ್ಲ, ಒಳಗೇ ಅದೀನಿ!" ಅವಳ ಕೈಯ ಹಿಟ್ಟು ಕೆಳಗೆ ಬಿತ್ತು. ಬಂದು ಬಾಗಿಲಲ್ಲಿ ನಿಂತಳು. "ಇನ್ನೊಮ್ಮಿ ಒತ್ರಿ" ಅಂದಳು. ಒತ್ತಿದೆ. "ಇನ್ನೊಮ್ಮಿ" ಅಂದಳು.

ಒಂದೇ ಅಂಜಿಕೆ. ಜನ ಅತ್ತಿಯನ್ನು ಮಾತಾಡಿಸುತ್ತಾರಲ್ಲ, ಅದಕ್ಕೆ ಏನು ಮಾಡುವುದು? ಬಾಷುಮಿಯಾ ಹಳೆಯ ಕಾರ್ಯಕ್ರಮಗಳ ಪೆನ್‌ಡ್ರೈವಿನಿಂದ ಮೂರು ಮಾತು ತೆಗೆದು ಕೊಟ್ಟಾನೆ: "ಹೌದೇನು?", "ನಿಮ್ಮವ್ವನ ಕೇಳು", "ಬಾಯಿ ಮುಚ್ಕೊಂಡು ಕುಂದ್ರು". ಯಾವ ಪ್ರಶ್ನೆಗೂ ಇವುಗಳಲ್ಲಿ ಒಂದು ಹೊಂದುತ್ತದೆ ಅನ್ನುತ್ತಾನೆ. ಹೊಂದೀತು.

ಲಾಲಪ್ಪ

*

ಯಾದಗಿರಿ
27 ನವೆಂಬರ್ 2024

ಲಾಲಪ್ಪ ಅಣ್ಣನವರಿಗೆ,

ಪರದೆಯ ಮುಂದೆ ಏನಾಯಿತೆಂಬುದನ್ನು ನೋಡಿದವಳು ನಾನು. ಅದನ್ನು ನಿಮಗೆ ಬರೆಯುವುದು ನನ್ನ ಕರ್ತವ್ಯ.

ಮೊದಲ ಇಪ್ಪತ್ತು ನಿಮಿಷದಷ್ಟು ಸುಖವನ್ನು ನನ್ನ ಜೀವನದಲ್ಲಿ ಕಂಡಿಲ್ಲ. ನಾನು ಮಾತು ಮುಗಿಸುತ್ತಿದ್ದೆ, ಜನ ನಗುತ್ತಿದ್ದರು, ನಗು ಇಳಿಯುವ ಸರಿಯಾದ ಕ್ಷಣಕ್ಕೆ ನಿಮ್ಮ ಧ್ವನಿ ಬರುತ್ತಿತ್ತು. ನಿಮಗೆ ಏನಾದರೂ ಆಗಿದೆ ಎಂಬುದೇ ಮರೆತುಹೋಗಿತ್ತು. ದೀಪದ ಮಾತು ಬಂದಾಗ ಈ ಸಲ ನಾನೂ ಗಮನವಿಟ್ಟು ಕೇಳಿದೆ. ಬಳೆಗಳ ಸಪ್ಪಳ ನನಗೂ ಕೇಳಿಸಿತು.

ಆಮೇಲೆ ಆ ಮುದುಕಿ ಎದ್ದು ನಿಂತಳು. ದೋರನಹಳ್ಳಿಯವಳು, ಹೆಸರು ಅಮೃತಮ್ಮ ಎಂದು ನಂತರ ತಿಳಿಯಿತು. ಬೇರೆಯವರಂತೆ ಚೇಷ್ಟೆಗೆ ಎದ್ದವಳಲ್ಲ. "ಯತ್ತೀ, ನಮ್ಮೂರಿಗಿ ಬಂದಾಗ ನನ್ನ ಸೊಸಿಗಿ ಬೈದಿದ್ದಿ ನೋಡು, ಆಕಿ ಈಗ ಬ್ಯಾರೆ ಮನಿ ಮಾಡ್ಯಾಳ. ನನ್ನ ಸಂಗಟ ಮಾತು ಬಿಟ್ಟಾಳ. ಏನ್ ಮಾಡ್ಲಿ ಹೇಳು" ಅಂದಳು. ನೀವು "ನಿಮ್ಮವ್ವನ ಕೇಳು" ಒತ್ತಿದಿರಿ. ಜನ ನಕ್ಕರು. ಅವಳು ಕುಳಿತುಕೊಳ್ಳಲಿಲ್ಲ. "ಖರೇನೇ ಕೇಳಾಕತ್ತೀನಿ ಯವ್ವಾ." ಪರದೆಯ ಹಿಂದಿನಿಂದ "ಬಾಯಿ ಮುಚ್ಕೊಂಡು ಕುಂದ್ರು" ಬಂತು. ಅವಳು ಮತ್ತೆ ಕೈ ಮುಗಿದು ಕೇಳಿದಳು. ಮತ್ತೆ ಅದೇ ಮಾತು, ಅದೇ ರಾಗ, ಅದೇ ಉಸಿರು. ಹಿಂದಿನಿಂದ ಒಬ್ಬ ಕೂಗಿದ: "ಏ, ಟೇಪ್ ಹಚ್ಯಾರಲೇ! ಮೋಸ ಮಾಡಾಕತ್ತಾರ!" ಸೀಟಿ ಬಿದ್ದವು. "ಟೇಪ್! ಟೇಪ್!"

ಆಗ ಪರದೆ ಸರಿಯಿತು.

ನೀವು ಹೊರಗೆ ಬಂದು ನಿಂತಿರಿ. ತಲೆಯ ಮೇಲೆ ಸೆರಗು, ಬಿಳಿ ಮೀಸೆ, ಕುತ್ತಿಗೆಗೆ ಬಟ್ಟೆ. ಹದಿನಾಲ್ಕು ವರ್ಷದಲ್ಲಿ ಅತ್ತಿಯನ್ನು ಯಾರೂ ಕಂಡಿರಲಿಲ್ಲ. ಇಡೀ ಮೈದಾನ ನಗುವಿಗೆ ಬಿದ್ದಿತು. ನೀವು ಅಮೃತಮ್ಮನ ಕಡೆ ನೋಡುತ್ತಾ ಬಾಯಿ ತೆರೆದಿರಿ. ತುಟಿ ಆಡಿದವು, ಗಂಟಲ ಬಟ್ಟೆ ಮೇಲೆದ್ದು ಕೆಳಗಿಳಿಯಿತು. ಅವರು ಇನ್ನೂ ಜೋರಾಗಿ ನಕ್ಕರು.

ನಾನು ನಿಜ ಹೇಳಬಹುದಿತ್ತು. ಎರಡು ಮಾತು ಸಾಕಿತ್ತು. ಅದರ ಬದಲು ನನ್ನ ಬಾಯಿಂದ ಬಂದದ್ದು: "ನಮ್ಮತ್ತಿ ಕಾರ್ತಿಕದಾಗ ಮೌನ ಹಿಡಿದಾಳ್ರೀ, ಈ ಸೊಸಿ ಪುಣ್ಯಾ!" ನನ್ನ ಯಾವ ಮಾತಿಗೂ ಜನ ಅಷ್ಟು ನಕ್ಕಿದ್ದಿಲ್ಲ. ವಿಶ್ವರಾಧ್ಯ ಅವರು ಶಾಲು ಹೊದಿಸುವಾಗ, "ಕೊನಿಗೊಂದು ಭಾರಿ ಇಟ್ಟಿದ್ರಿ ಬಿಡ್ರಿ" ಅಂದರು. ನಾನು ಧನ್ಯವಾದ ಹೇಳಿದೆ.

ಬಾಷುಮಿಯಾನ ಕ್ರೂಸರ್ ಗಾಡಿಯಲ್ಲಿ ಸುರಪುರಕ್ಕೆ ಬರುವಾಗ ನೀವು, ವೈನಿ ಹಿಂದೆ, ನಾನು ಮುಂದೆ, ಚಾಲಕನ ಪಕ್ಕ ಕುಳಿತೆ. ತಿರುಗಿ ನಿಮ್ಮ ಮುಖ ನೋಡಲಾಗಲಿಲ್ಲ. ಅದಕ್ಕೇ ದಾರಿಯುದ್ದಕ್ಕೂ ಒಂದೇ ಸಮನೆ ಮಾತಾಡಿದೆ. ಶವಪೆಟ್ಟಿಗೆಯ ಹೆಂಗಸರ ಕಥೆ, ನನ್ನ ಹೀಟರಿನ ಕಥೆ, ಮೊರಾಗ್ ಇಳಕಲ್ ಸೀರೆ ಉಟ್ಟು ಮೆಟ್ಟಿಲು ಇಳಿದದ್ದು, ನನ್ನಲ್ಲಿದ್ದ ಎಲ್ಲವನ್ನೂ ಹೇಳಿದೆ. ಬಾಷುಮಿಯಾ ನಕ್ಕ. ಹಿಂದಿನ ಸೀಟಿನಿಂದ ಏನೂ ಬರಲಿಲ್ಲ. ನೀವು ಒಮ್ಮೆಯೂ ನಗಲಿಲ್ಲ.

ಅದು ನನಗೆ ಉತ್ತರವೇ? ಹೌದಾದರೆ ಒಪ್ಪಿಕೊಳ್ಳುತ್ತೇನೆ. ಆದರೂ ಬರೆದು ತಿಳಿಸಿ. ಲಿಂಗಸುಗೂರಿನವರು ಜನವರಿಗೆ ಕರೆದಿದ್ದಾರೆ, ‘ಹೊರಗೆ ಬರುವ ಅತ್ತಿ’ಯೇ ಬೇಕಂತೆ. ಅವರಿಗೆ ಏನು ಹೇಳಲಿ?

ಶಿವರಂಜನಿ

*

ಸುರಪುರ
11 ಡಿಸೆಂಬರ್ 2024

ತಂಗಿ ಶಿವರಂಜನಿಗೆ ಲಾಲಪ್ಪನ ಆಶೀರ್ವಾದ.

ಲಿಂಗಸುಗೂರಿಗೆ ನೀನೊಬ್ಬಳೇ ಹೋಗು. ಪರದೆ ಬೇಡ. ಪೆಟ್ಟಿಗೆಯನ್ನು ಬಾಷುಮಿಯಾನಿಗೆ ತಿರುಗಿ ಕೊಟ್ಟೆ. ಧ್ವನಿ ಇರುವ ಪೆನ್‌ಡ್ರೈವನ್ನು ಭೀಮವ್ವ ದೇವರ ಜಗಲಿಯಲ್ಲಿ ಇಟ್ಟಾಳೆ. ಹಾಕು ಅಂತ ಅವಳೂ ಕೇಳಿಲ್ಲ, ನಾನೂ ಕೇಳಿಲ್ಲ.

ನಾನು ಹೊರಗೆ ಬಂದದ್ದು ಸಿಟ್ಟಿನಿಂದ ಅಲ್ಲ. ಆ ಹೆಣ್ಣುಮಗಳು ಖರೇ ಕೇಳಿದ್ದಳು. ಏನು ಹೇಳಬೇಕೆಂದು ಅತ್ತಿಗೆ ಗೊತ್ತಿತ್ತು: "ಮಗನ ಮನಿ ಅಂತ ಹೋಗಬ್ಯಾಡವ್ವಾ, ಸೊಸಿ ಮನಿ ಅಂತ ಹೋಗು. ಹೊಸ್ತಿಲ ಹೊರಗ ನಿಂತು, ಒಳಗ ಬರ್ಲೇನು ಅಂತ ಕೇಳು." ಆ ಮಾತು ಯಾವ ಗುಂಡಿಯಲ್ಲೂ ಇರಲಿಲ್ಲ. ಬಾಯಿ ತೆರೆದರೆ ಬಂದೀತು ಅಂತ ಆ ಒಂದು ಗಳಿಗೆ ನಂಬಿದ್ದೆ. ತಂಗಿ, ಮರೆತಿದ್ದೆ. ಇದನ್ನು ಬೇರೆ ಯಾರಿಗೂ ಬರೆದಿಲ್ಲ. ದೋರನಹಳ್ಳಿ ಕಡೆ ಹೋದರೆ ಅಮೃತಮ್ಮನಿಗೆ ಇಷ್ಟು ಹೇಳಿ ಬಾ.

ಜನ ನಗುವುದನ್ನು ನಾನು ಕಣ್ಣಿಂದ ನೋಡಿದ್ದು ಅದೇ ಮೊದಲು. ಇಷ್ಟು ವರ್ಷ ಕೇಳಿದ್ದೆ ಅಷ್ಟೇ. ಭಾಳ ಚಂದ ಕಾಣುತ್ತಾರೆ. ಆದರೆ ಮೂರನೆಯ ಸಾಲಿನಲ್ಲಿ ಭೀಮವ್ವ ಕುಳಿತಿದ್ದಳು. ಅಷ್ಟು ಮಂದಿಯಲ್ಲಿ ಅವಳೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಆಮೇಲೆ ನನಗೆ ಬೇರೆ ಯಾರೂ ಕಾಣಲಿಲ್ಲ. ಅವಳನ್ನು ಮತ್ತೊಮ್ಮೆ ಅಲ್ಲಿ ಕೂರಿಸಲಾರೆ. ನಾನು ಬಿಡುವುದು ಅದಕ್ಕೆ.

ಮೌನದ ಮಾತನ್ನು ನೀನು ಆಡಿದ್ದು ಸರಿ. ನಿಜ ಹೇಳಿದ್ದರೆ ಅವರು ಅಯ್ಯೋ ಅಂದು ಎದ್ದು ನಿಲ್ಲುತ್ತಿದ್ದರು. ಅದನ್ನು ನೋಡಿಕೊಂಡು ನಾನು ಮನೆಗೆ ಹೇಗೆ ಬರುತ್ತಿದ್ದೆ?

ಇನ್ನು ಕ್ರೂಸರಿನ ಸುದ್ದಿ. ನೀನು ಮುಂದೆ ಕುಳಿತಿದ್ದಿ, ತಿರುಗಿ ನೋಡಲಿಲ್ಲ. ಹತ್ತಿಗೂಡೂರು ದಾಟಿದ ಮೇಲೆ ನಿನ್ನ ಮೊರಾಗ್ ಸೀರೆ ಉಟ್ಟು ಮೆಟ್ಟಿಲು ಇಳಿದಳಲ್ಲ, ಆಗ ನಾನು ಹೊಟ್ಟೆ ಹಿಡಿದುಕೊಂಡು ಭೀಮವ್ವನ ಹೆಗಲ ಮೇಲೆ ಬಿದ್ದಿದ್ದೆ. ಕಣ್ಣಲ್ಲಿ ನೀರು ಬಂತು. ಅವಳು, "ಏನಾತ್ರಿ, ಏನಾತ್ರಿ" ಅಂತ ಕಿವಿಯಲ್ಲೇ ಕೇಳುತ್ತಾ ಬೆನ್ನು ಸವರಿದಳು. ಈಗ ನಾನು ನಕ್ಕರೆ ಸಪ್ಪಳ ಬರುವುದಿಲ್ಲ ತಂಗಿ. ಊರು ಮುಟ್ಟುವತನಕ ನಕ್ಕೆ.

ಲಾಲಪ್ಪ